ಬೀಗರ ಹಾಡಿಗೆ ಸಿಕ್ಕಿಬಿದ್ದ ಅಳಿಯ

ಅರಕಲಗೂಡಿನ ಪುಟ್ಟತಾಯಮ್ಮನಿಗೆ ಎರಡು ಕಡೆಯಿಂದ ಕರೆ ಬರುತ್ತಿತ್ತು. ಮದುವೆ ಮನೆಯಲ್ಲಿ ಸೋಬಾನೆ ಹೇಳುವವಳೂ ಅವಳೇ, ಸಾವಿನ ಮನೆಯಲ್ಲಿ ಸತ್ತವರ ಗುಣ ಎತ್ತಿ ಹಾಡಿ ಅಳುವವಳೂ ಅವಳೇ. ಗಂಡ ತಮ್ಮಯ್ಯ ಹೋದ ದಿನ ತನ್ನ ಅಂಗಳದಲ್ಲೇ ಅಳಬೇಕಾಯಿತು. "ಬೆಳಗಿನ ಕಾಫಿ ಯಾರ್ಗೆ ಕಾಸ್ಲಪ್ಪಾ, ನನ್ ದೊರೆಯೇ" ಎಂದು ಎದೆ ಬಡಿದುಕೊಂಡಳು.

ದಾಯಾದಿ ಪೈಕಿಯ ಹಾಸನದ ಅಭಿಷೇಕ್ ಅದನ್ನು ಫೋನಿನಲ್ಲಿ ಹಿಡಿದ. ನಗೆ ವಿಡಿಯೋ ಹಾಕುವ ಪೇಜು ಅವನದು. ಅಳುವಿಗೆ ಡಿಜೆ ತಾಳ ಸೇರಿಸಿ ಅದರಲ್ಲಿ ಹರಿಯಬಿಟ್ಟ. ತಿಥಿ ಮುಗಿಯುವ ಮೊದಲೇ ಅವಳ ಬಾಯ್ದೆರೆದ ಮುಖ ವಾಟ್ಸಾಪ್ ಸ್ಟಿಕರ್ ಆಗಿತ್ತು. ಕರೆಂಟು ಹೋದರೂ ಅದೇ, ಕ್ರಿಕೆಟ್ ಸೋತರೂ ಅದೇ. ಕಳಿಸಿದವರಲ್ಲಿ ನಿಮ್ಮ ಮನೆಯವರೂ ಇದ್ದಾರು, ವಿಚಾರಿಸಿ.

ಅವಳು ಬಸ್ಸು ಹತ್ತಿ ಹಾಸನಕ್ಕೆ ಹೋದಳು. "ತೆಗೆದಾಕ್ಬುಡಪ್ಪ."

"ದೊಡ್ಡಮ್ಮ, ಐದು ಲಕ್ಷ ಜನ ನೋಡವ್ರೆ. ಫೇಮಸ್ಸು ಕಣವ್ವ ನೀನು!"

ಅವನು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದಳು.

ವರ್ಷದ ತಿಥಿ ಕಳೆದ ಮೇಲೆ ಅಭಿಷೇಕನಿಗೆ ಮದುವೆ ಗೊತ್ತಾಯಿತು. ಹೆಣ್ಣು ಮೇಘಶ್ರೀ, ಪುಟ್ಟತಾಯಮ್ಮನ ತವರೂರಿನವಳು. ಹೊಳೆನರಸೀಪುರದ ಛತ್ರದಲ್ಲಿ ಪುಟ್ಟತಾಯಮ್ಮ ಹೆಣ್ಣಿನ ಕಡೆಯವರ ಜೊತೆಗೇ ಹೋಗಿ ಕೂತಳು. ಹೆಣ್ಣಿನವರು ಗಂಡನ್ನು ಹಂಗಿಸಿ ಬೀಗರ ಹಾಡು ಹೇಳುವುದು ನಮ್ಮ ಕಡೆಯ ಪದ್ಧತಿ. ಎಷ್ಟೇ ಹೀಯಾಳಿಸಿದರೂ ಗಂಡಿನವರು ನಗಬೇಕು, ಮುನಿಯುವಂತಿಲ್ಲ. ವಿಧವೆಯೆಂದು ಹಸೆಯಿಂದ ದೂರ ಕಂಬಕ್ಕೊರಗಿದ್ದವಳು ಅಲ್ಲಿಂದಲೇ ದನಿ ಎತ್ತಿದಳು:

"ಕಣ್ಣೀರ ಕಂಡರೆ ಕುಣಿಯೋನು ನಮ್ಮಳಿಯ
ಅತ್ತವಳ ಮುಖವ ಊರೆಲ್ಲ ಹಂಚ್ಯಾನು
ಅತ್ತೆಮ್ಮ, ಇವನ ಎದುರಲ್ಲಿ ಅಳಬ್ಯಾಡ!"

ಛತ್ರ ಘೊಳ್ಳೆಂದಿತು. ಫೋನುಗಳೆಲ್ಲ ಮೇಲೆದ್ದವು. ಅಭಿಷೇಕನ ಹಲ್ಲು ಮಾತ್ರ ನಗುತ್ತಿತ್ತು.

"ಯಾರ ಮುಖ?" ಎಂದಳು ಮೇಘಶ್ರೀ. ಪಕ್ಕದ ಹೆಂಗಸು ಸ್ಟಿಕರ್ ತೋರಿಸಿ, ಕಂಬದ ಕಡೆ ಕೈ ಮಾಡಿದಳು.

ಮದುಮಗಳು ಅಭಿಷೇಕನತ್ತ ತಿರುಗಿದಳು. "ಗಂಡ ಸತ್ತೋಳ ಅಳುಗೆ ತಾಳ ಹಾಕಿದ್ದು ನೀವೇನಾ?"

ಅವನು ಬಾಸಿಂಗ ಕಟ್ಟಿಕೊಂಡೇ ಕಂಬದ ಹತ್ತಿರ ಓಡಿ ಬಂದ. "ನಿಲ್ಸು ದೊಡ್ಡಮ್ಮ, ಕಾಲಿಗೆ ಬೀಳ್ತೀನಿ. ಈಗ್ಲೇ ಅಳಿಸ್ತೀನಿ."

"ನಿನ್ ಫೋನಲ್ಲಿ ಅಳಿಸ್ತೀಯ. ಊರೋರ ಫೋನಲ್ಲಿ ಯಾರ್ಲಾ ಅಳಿಸೋರು? ಓಗು, ಹಸೆ ಮ್ಯಾಲೆ ಕೂತ್ಕೊ. ಇನ್ನೂ ಎಂಟು ನುಡಿ ಐತೆ."

ಸೆರಗು ಸರಿಮಾಡಿಕೊಂಡು, ಹತ್ತಿರದ ಫೋನಿನತ್ತ ತಾನೇ ಮುಖ ತಿರುಗಿಸಿ, ಪುಟ್ಟತಾಯಮ್ಮ ಎರಡನೇ ನುಡಿ ಎತ್ತಿಕೊಂಡಳು.