ಮಾನಿಟರ್ ಸರಿ ಇತ್ತು

ಬೀದಿಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ಮಕ್ಕಳಿಗೂ ಮುದುಕರಿಗೂ ಅವನು ಫೋಟೋ ಮಾಮ. ಮುಂದಿನ ಕೋಣೆ ಸ್ಟುಡಿಯೋ, ಹಿಂದಿನದು ಮನೆ, ನಡುವೆ ಒಂದು ಕರಿ ಬಟ್ಟೆ. ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ಪ್ರಿಂಟ್ ಹಾಕುವುದು ಅವನ ಕೆಲಸ. ಅಂಚು ಕತ್ತರಿಸಿ ಫ್ರೇಮು ಕೂರಿಸುವುದು ಹೆಂಡತಿಯ ಕೆಲಸ. ಅವಳ ಓದು ಅಷ್ಟಕ್ಕಷ್ಟೇ. ಕತ್ತರಿಸಲು ಕೂತರೆ ಮಾತ್ರ ಕೂದಲೆಳೆಯಷ್ಟೂ ವಾರೆಯಾಗುತ್ತಿರಲಿಲ್ಲ.

ಮಾನಿಟರಿನಲ್ಲಿ ಕಂಡ ಬಣ್ಣವೇ ಕಾಗದಕ್ಕೂ ಇಳಿಯಬೇಕು. ಆದರೆ ಮಾನಿಟರ್ ಹಳತಾಗುತ್ತಾ ಬಣ್ಣ ಜಾರುತ್ತದೆ, ಆಗಾಗ ದಾರಿಗೆ ತರಬೇಕು. ದೊಡ್ಡ ಲ್ಯಾಬುಗಳಲ್ಲಿ ಅದಕ್ಕೊಂದು ಪುಟ್ಟ ಯಂತ್ರವಿದೆ. ಗಾಜಿನ ಮೇಲೆ ಇಳಿಬಿಟ್ಟರೆ ಅದೇ ಬಣ್ಣ ಓದಿ ಸರಿಮಾಡುತ್ತದೆ. ಫೋಟೋ ಮಾಮ ಅದನ್ನು ಹತ್ತಿರ ಸೇರಿಸಲಿಲ್ಲ.

“ಯಂತ್ರಕ್ಕೆ ಮನುಷ್ಯರ ಮುಖ ಗೊತ್ತಾ? ಈ ಮುಖಾನ ಬುದ್ಧಿ ಬಂದಾಗಿಂದ ನೋಡಿದ್ದೀನಿ. ಇದಕ್ಕಿಂತ ಅಳತೆ ಬೇಕಾ?” ಅನ್ನುವನು.

ಅವನ ಅಳತೆ ಅವನ ಮುಖವೇ. ತಿಂಗಳಿಗೊಮ್ಮೆ ಅದೇ ಸ್ಟೂಲು, ಅದೇ ದೀಪ, ಕೈಯಲ್ಲಿ ಬೂದು ಬಣ್ಣದ ಒಂದು ರಟ್ಟು. ಹೆಂಡತಿ ಗುಂಡಿ ಒತ್ತುವಳು. ಆಮೇಲೆ ಕಿಟಕಿ ಮುಚ್ಚಿ, ಮಾನಿಟರ್ ಬಿಸಿಯಾಗಲು ಬಿಟ್ಟು, ತನ್ನ ಮುಖ ತನಗೆ ಸರಿ ಕಾಣುವ ತನಕ ಕೆಂಪು, ಹಸಿರು, ನೀಲಿ ಏರಿಸುವನು, ಇಳಿಸುವನು. ರಟ್ಟು ಹಿಡಿಯಬೇಕೆಂದು ಕೆಲಸ ಕಲಿಸಿದವರು ಹೇಳಿದ್ದರು, ಹಿಡಿಯುತ್ತಿದ್ದ. ನೋಡುತ್ತಿದ್ದದ್ದು ಮುಖವನ್ನು. ವರ್ಷಾನುಗಟ್ಟಲೆ ಅದರಿಂದ ಏನೂ ಕೆಡಲಿಲ್ಲ.

ಒಂದು ಸಲ ಅವನು ಮುಖ ಸಿಂಡರಿಸಿದ.

“ಮಾನಿಟರ್ ಹಳದಿಗೆ ತಿರುಗಿದೆ ಕಣೇ.”

ನೀಲಿ ಏರಿಸಿದ. ಮುಖ ಸರಿಹೋಯಿತು. ಮರುತಿಂಗಳು ಮತ್ತೆ ಹಳದಿ, ಮತ್ತೆ ನೀಲಿ. “ಸಾಯೋ ಕಾಲ ಬಂತು ಇದಕ್ಕೆ” ಎಂದು ಮಾನಿಟರಿನ ತಲೆಗೊಂದು ತಟ್ಟಿದ.

ಊಟಕ್ಕೆ ಕೂತಾಗ ಹೆಂಡತಿ ಅವನನ್ನೇ ನೋಡಿದಳು.

“ರೀ, ನಿಮ್ಮ ಕಣ್ಣು ಯಾಕೋ ಹಳದಿ ಕಾಣ್ತಿದೆ.”

“ಬಲ್ಬ್ ಹಳದಿ. ಹೋಗಿ ಬಂದು ನನ್ನ ಕಣ್ಣಿಗೇ ಬರ್ತೀಯಲ್ಲ.”

ಮರುದಿನ ಅವನೇ ಬಿಳಿ ಬಲ್ಬು ತಂದು ಹಾಕಿದ. “ಈಗ?”

“ಈಗಲೂ ಹಾಗೇ ಇದೆ.”

“ಬಣ್ಣದ ವಿಷಯ ನೀನು ನನಗೆ ಹೇಳಿಕೊಡ್ತೀಯಾ?”

ಅವಳು ಎದ್ದು ಫ್ರೇಮಿನ ಕೆಲಸಕ್ಕೆ ಕೂತಳು. ಬಣ್ಣ ಅವನದು, ಕತ್ತರಿ ತನ್ನದು.

ಅಷ್ಟರಲ್ಲಿ ಅವನು ಏರಿಸಿ ಏರಿಸಿ ಮಾನಿಟರ್ ನೀಲಿಗೆ ವಾಲಿತ್ತು. ಅದರಲ್ಲಿ ಎಲ್ಲರ ಮುಖವೂ ಬಿಳಿಚಿಕೊಂಡು ಕಾಣುವುದು. ಪಾಪ, ಜೀವ ಇಲ್ಲದ ಹಾಗಿದ್ದಾರೆಂದು ಅವನು ಹಳದಿ ಬೆರೆಸುವನು. ಮಾನಿಟರಿನಲ್ಲಿ ಚೆನ್ನ, ಕಾಗದದ ಮೇಲೆ ಅಧ್ವಾನ. ಒಂದು ದಿನ ಎದುರುಸಾಲಿನ ದರ್ಜಿಯ ಹೆಂಡತಿ ಮಗಳ ಮದುವೆ ಫೋಟೋ ತಂದು ಮೇಜಿನ ಮೇಲೆ ಬಡಿದಳು.

“ಏನ್ ಮಾಮಾ, ಇದು ಮದುವೆ ಮನೆಯೋ ಆಸ್ಪತ್ರೆಯೋ? ಬೀಗರಿಗೆಲ್ಲ ಕಾಮಾಲೆ ಬರಿಸಿಬಿಟ್ಟಿದ್ದೀರಲ್ಲ!”

ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಅವನೂ ನಕ್ಕ. ಶಾಯಿ ಸರಿಯಿಲ್ಲ ಅಂದ. ಶಾಯಿ ಬದಲಿಸಿದ, ಕಾಗದ ಬದಲಿಸಿದ. ಹೆಂಡತಿ ಹಳದಿ ಬೀಗರನ್ನು ಒಬ್ಬೊಬ್ಬರನ್ನಾಗಿ ಕಸದ ಬುಟ್ಟಿಗೆ ಹಾಕಿದಳು.

ಮೈ ತುರಿಕೆ ಶುರುವಾಯಿತು. ಕೆರೆದುಕೊಂಡು ಕೆರೆದುಕೊಂಡು ಅಂಗಿಯ ತೋಳಿನಲ್ಲಿ ರಕ್ತ ಕಂಡಾಗ ಅವಳು ಅವನ ಮಾತು ಕೇಳಲಿಲ್ಲ, ಎಳೆದುಕೊಂಡೇ ಹೋದಳು. ಡಾಕ್ಟರು ರೆಪ್ಪೆ ಎತ್ತಿ ನೋಡಿದರು. ಪಿತ್ತದ ದಾರಿಗೆ ಗಂಟೊಂದು ಅಡ್ಡ ಕೂತಿತ್ತು. ಆಪರೇಷನ್ ಮಾಡುವ ಕಾಲ ದಾಟಿತ್ತು.

ಆಸ್ಪತ್ರೆಯ ಮಂಚದಲ್ಲಿ ಅವನು ಬಿಳಿ ಹಾಸಿಗೆಯ ಮೇಲೆ ತನ್ನ ಅಂಗೈ ಚಾಚಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಮಾನಿಟರ್ ಸರಿ ಇತ್ತು ಕಣೇ” ಅಂದ.

ಆಮೇಲೆ ಆಡಿದ್ದೆಲ್ಲ ಬರೀ ತೊದಲು.

ಅವನು ಹೋದ ಮೇಲೆ ನಾದಿನಿ ಬಂದು ಕೂತಳು. ಅತ್ತಳು. ಕಣ್ಣೊರೆಸಿಕೊಂಡು, “ಗೋಡೆಗೆ ಅಣ್ಣಂದೊಂದು ಫೋಟೋ ಹಾಕಿ ಅತ್ತಿಗೆ. ಜೊತೆಗಿದ್ದೂ ನಿಮ್ಮ ಕಣ್ಣಿಗೆ ಏನೂ ಬೀಳಲಿಲ್ಲ. ಅದಾದ್ರೂ ನೆಟ್ಟಗಿರಲಿ” ಅಂದಳು.

ಹೆಂಡತಿ ತಲೆ ಎತ್ತಿ ಬಿಳಿ ಬಲ್ಬು ನೋಡಿದಳು. ಬಲ್ಬು ಬದಲಿಸಿದ್ದು ಆ ಮನೆಯ ಗೋಡೆಗಳಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ.

ಪ್ರಿಂಟ್ ಹಾಕಿಕೊಡಲು ದೊಡ್ಡ ಲ್ಯಾಬಿನವನೊಬ್ಬ ಬಂದ, ಜೊತೆಗೆ ತನ್ನ ಯಂತ್ರ ತಂದ. ಅದನ್ನು ಗಾಜಿನ ಮೇಲೆ ಇಳಿಬಿಟ್ಟ. ಮಾನಿಟರ್ ಕೆಂಪಾಯಿತು, ಹಸಿರಾಯಿತು, ನೀಲಿಯಾಯಿತು, ಬೂದಾಯಿತು. ಯಂತ್ರ ತೆಗೆದು, ಮಾಮ ತಿಂಗಳು ತಿಂಗಳು ತೆಗೆಸಿಕೊಂಡಿದ್ದ ಫೋಟೋಗಳನ್ನು ಸಾಲಾಗಿ ತೆರೆದ. ಅದೇ ಸ್ಟೂಲು, ಅದೇ ದೀಪ. ಮುಖ ಮಾತ್ರ ಒಂದರಿಂದೊಂದಕ್ಕೆ ಹಳದಿಗಟ್ಟುತ್ತಾ ಹೋಗಿತ್ತು. ಕೊನೆಯದರಲ್ಲಿ ಕಣ್ಣಿನ ಬಿಳಿಯೇ ಇರಲಿಲ್ಲ.

“ಅಕ್ಕಾ, ಮಾಮ ಕೈಯಲ್ಲಿರೋ ರಟ್ಟು ನೋಡಿದ್ರೆ ಸಾಕಿತ್ತು” ಎಂದ ಲ್ಯಾಬಿನವನು, ತಗ್ಗಿದ ದನಿಯಲ್ಲಿ. “ಮಾನಿಟರ್ ಕೆಟ್ಟಿದ್ರೆ ರಟ್ಟೂ ಹಳದಿ ಕಾಣಬೇಕಿತ್ತು. ಎಲ್ಲದರಲ್ಲೂ ಬೂದಾಗೇ ಇದೆ ನೋಡಿ.”

ಅವಳು ನೋಡಿದಳು. ರಟ್ಟು ಹಿಡಿದ ಬೆರಳುಗಳನ್ನೂ ನೋಡಿದಳು.

“ಹಳೇದೊಂದು ಹಾಕೋಣ. ಇಲ್ಲಾಂದ್ರೆ ಇದರಲ್ಲೇ ಹಳದಿ ತೆಗೆದುಬಿಡ್ತೀನಿ, ಗೊತ್ತೇ ಆಗಲ್ಲ.”

“ಕೊನೇದೇ ಹಾಕು. ಏನೂ ತೆಗೀಬೇಡ.”

“ಅಕ್ಕಾ, ನೋಡಿದವರು ಏನಂತಾರೆ?”

“ನಾನು ನೋಡಿದ್ದು ಇದನ್ನೇ. ಬಾಯಿಬಿಟ್ಟು ಹೇಳಿಯೂ ಇದ್ದೆ. ಹಾಕು.”

ಪ್ರಿಂಟ್ ಬಂತು. ಅಂಚನ್ನು ಅವಳೇ ಕತ್ತರಿಸಿದಳು. ಮುಖವಷ್ಟೇ ಸಾಕು, ರಟ್ಟು ಕತ್ತರಿಸಿಬಿಡಿ ಅಂದ ಲ್ಯಾಬಿನವನು. ಅವಳು ರಟ್ಟು ಉಳಿಸಿಕೊಂಡಳು. ಫ್ರೇಮು ಕೂರಿಸಿ, ಊಟದ ಕೋಣೆಯಲ್ಲಿ ಆ ಬಿಳಿ ಬಲ್ಬಿನ ಎದುರಿಗೆ ಮೊಳೆ ಹೊಡೆದು ತೂಗುಹಾಕಿದಳು.

ನಾದಿನಿ ಮತ್ತೆ ಬಂದಳು. ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

“ಅಯ್ಯೋ, ಇದೇನತ್ತಿಗೆ! ಅಣ್ಣ ಹೀಗೆ ಹಳದಿಯಾಗಿದ್ದಾನಲ್ಲ! ಮಾನಿಟರ್ ಸರಿ ಇರಲಿಲ್ವಾ?”

“ಸರಿ ಇತ್ತು” ಅಂದಳು ಅವಳು.