ಶಿಂಷಾ ದಂಡೆಯ ಪಾರ್ಕು

ಮದ್ದೂರಿನಲ್ಲಿ ಶಿಂಷಾ ಹೊಳೆಯ ದಂಡೆಗೆ ಒಂದು ಪುಟ್ಟ ಪಾರ್ಕಿತ್ತು. ನಾಲ್ಕಾರು ಹೊಂಗೆ ಮರ, ಕಣಗಿಲೆ ಬೇಲಿ, ಹೊಳೆಗೆ ಮುಖಮಾಡಿದ ಕಲ್ಲುಬೆಂಚುಗಳು. ನಾನು ಮದುವೆಯಾಗಿ ಆ ಊರಿಗೆ ಬಂದಾಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಅದೇ ವರ್ಷ ನನ್ನ ನಾದಿನಿಯನ್ನು ಗಂಡನ ಮನೆಯವರು ಮಳವಳ್ಳಿಯಿಂದ ಗಾಡಿಯಲ್ಲಿ ತಂದು ಬಿಟ್ಟುಹೋದರು. ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಅವಳಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಕ್ಷಯ, ಗಾಳಿಯಲ್ಲಿ ಕೂರಿಸಿ, ಹಾಲು ಕೊಡಿ, ಬೇರೆ ಮದ್ದಿಲ್ಲ ಎಂದರು ಡಾಕ್ಟರು. ನಮ್ಮ ಮನೆಗೆ ಸರಿಯಾದ ಕಿಟಕಿಯೂ ಇರಲಿಲ್ಲ. ಹಾಗಾಗಿ ಬಿಸಿಲಿಳಿದ ಮೇಲೆ ಅವಳನ್ನು ಪಾರ್ಕಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸೇತುವೆಯ ಮೇಲಿನ ರೈಲನ್ನು ನೋಡುತ್ತಾ ಕೂರುತ್ತಿದ್ದಳು. ಅವಳ ಗಂಡ ಮತ್ತೊಂದು ಮದುವೆಯಾದ ಸುದ್ದಿಯನ್ನು ನಾವು ಮುಚ್ಚಿಟ್ಟಿದ್ದೆವು. ಒಂದು ದಿನ ಅವಳೇ, ಹುಡುಗಿ ಯಾವೂರಿನವಳು ಎಂದು ಕೇಳಿದಳು. ಪೂರಿಗಾಲಿಯವಳು ಎಂದೆ. ಆಮೇಲೆ ಆ ಮಾತೆತ್ತಲಿಲ್ಲ.

ಪಾರ್ಕಿಗೆ ಬರುವವರು ನಮ್ಮನ್ನು ಕಂಡು ದೂರ ಸರಿಯತೊಡಗಿದರು. ಕೊನೆಗೆ ಊರಿನ ಹಿರಿಯ ಗೌಡರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು.

"ಮಕ್ಳುಮರಿ ಆಡೋ ಜಾಗ ಕಣಮ್ಮ. ನಾಳೆಯಿಂದ ಇವಳ್ನ ಕರ್ಕಂಡ್ ಬರ್ಬೇಡ."

ನಾದಿನಿಗೆ ಕೇಳಿಸಿತ್ತು. "ಉಸ್ರಾಡಕ್ಕೆ ಬಂದಿವ್ನಿ ಕಣಪ್ಪ, ಇನ್ಯಾತಕ್ಕೂ ಅಲ್ಲ" ಎಂದಳು. ಅವರು ನೆಲ ನೋಡುತ್ತಾ ಹೊರಟುಹೋದರು.

ನಾವೂ ಎದ್ದು ಬಂದೆವು. ದಾರಿಯಲ್ಲಿ ಬಸ್ಸು ರಿಪೇರಿಯ ಒಂದು ಷೆಡ್ಡಿತ್ತು. ಅವಳಿಗೆ ನಡೆಯಲಾಗದೆ ಅದರ ಮುಂದೆಯೇ ಕುಸಿದು ಕೂತಳು. ಒಳಗಿದ್ದ ಸಾಬರು ನೀರು ತಂದುಕೊಟ್ಟರು. ನಡೆದದ್ದನ್ನು ಹೇಳಿದೆ. ಮಾರನೆಯ ದಿನ ಅವರು ಹಳೇ ಬಸ್ಸಿನ ಸೀಟೊಂದನ್ನು ಷೆಡ್ಡಿನ ಹಿಂದೆ, ಹೊಳೆಯ ಕಡೆಗೆ ಹಾಕಿಸಿದ್ದರು.

"ಇಲ್ಲೇ ಕೂತ್ಕೊಳ್ಲಿ ತಾಯಿ. ನಮ್ಮ ಮನೆಯವಳ್ಗೂ ಇದೇ ಕಾಯ್ಲೆ ಬಂದಿತ್ತು" ಎಂದರು. ಆಕೆ ಏನಾದಳು ಎಂದು ನಾನು ಕೇಳಲಿಲ್ಲ.

ಮಳೆ ಹಿಡಿಯುವವರೆಗೆ ಅವಳು ಅಲ್ಲಿ ಕೂತಳು. ಆಷಾಢದಲ್ಲಿ ತೀರಿಕೊಂಡಳು. ಮಳವಳ್ಳಿಗೆ ಹೇಳಿಕಳಿಸಿದರೂ ಯಾರೂ ಬರಲಿಲ್ಲ.

ಮಣ್ಣಾದ ಮಾರನೆಯ ದಿನ ಅವಳ ಹಾಸಿಗೆ, ಸೀರೆಗಳನ್ನು ಹೊಳೆಯ ಮರಳಿನ ಮೇಲೆ ಸುಟ್ಟೆವು. ಸಾಬರು ಯಾರೂ ಹೇಳದೆಯೇ ಆ ಸೀಟನ್ನು ಹೊತ್ತು ತಂದು ಬೆಂಕಿಗೆ ಹಾಕಿದರು. ಒಳಗಿನ ತೆಂಗಿನ ನಾರು ಬಹಳ ಹೊತ್ತು ಹೊಗೆಯಾಡಿತು. ಗಾಳಿ ಪಾರ್ಕಿನ ಕಡೆ ಬೀಸುತ್ತಿತ್ತು. ಅಲ್ಲಿದ್ದವರು ಮಕ್ಕಳನ್ನು ಕೂಗಿ ಕರೆದುಕೊಂಡು ಮನೆಗೆ ಹೊರಟರು. ಅವಳನ್ನು ಹೆತ್ತ ನಮ್ಮತ್ತೆ ಸಾಬರಿಗೆ ಕೈಮುಗಿದರು. ಅಳು ಬಂದದ್ದು ಆಗಲೇ, ಅವರಿಬ್ಬರಿಗೂ.