ಸವತಿಯ ನೆಮ್ಮದಿ

ನಾನು ಎರಡನೆಯ ಹೆಂಡತಿಯಾಗಿ ಅಫಜಲಪುರದ ಆ ಮನೆಗೆ ಹೋದಾಗ, ಮೊದಲನೆಯವಳ ಹೊಟ್ಟೆ ಉರಿಯುವುದನ್ನು ನೋಡಲು ಓಣಿಯೆಲ್ಲ ಕಾಯುತ್ತಿತ್ತು. ನಮ್ಮವ್ವ ಕಳಿಸುವಾಗಲೇ ಹೇಳಿದ್ದಳು, "ಆಕಿ ಕೊಟ್ಟ ಹಾಲು ಕುಡೀಬ್ಯಾಡ." ಆಕೆಗೆ ಮಕ್ಕಳಾಗಿರಲಿಲ್ಲ, ಅದಕ್ಕೇ ನನ್ನನ್ನು ತಂದಿದ್ದರು. ಮಗಳು ಹುಟ್ಟಿದಾಗ ಅತ್ತೆ ನನ್ನ ಕೈಗೆ ಬೆಳ್ಳಿ ಕಡಗ ಹಾಕಿದರು. ಗಂಡ ಆಳಂದದ ಪೇಟೆಗೆ ತೊಗರಿ ಹಾಕಿ ಬರುವಾಗೆಲ್ಲ ನನಗೆಂದು ಏನಾದರೂ ಕಟ್ಟಿಸಿಕೊಂಡು ಬರುತ್ತಿದ್ದ. ಆದರೂ ಆ ಮನೆಯಲ್ಲಿ ಹೊಟ್ಟೆ ಉರಿದದ್ದು ನನ್ನದೇ.

ಆಕೆ ನಸುಕಿನಲ್ಲಿ ಮೈತೊಳೆದುಕೊಂಡು ದೇವರ ಕೋಣೆಯ ಮೂಲೆಯಲ್ಲಿ ಕಂಬಳಿ ಹಾಸಿ ಕೂಡುತ್ತಿದ್ದಳು. ಎಡಗೈಯಲ್ಲಿ ಲಿಂಗ ಹಿಡಿದು ಅದನ್ನೇ ನೋಡುತ್ತ, ಆಮೇಲೆ ಮೆಲ್ಲಗೆ ಕಣ್ಣು ಮುಚ್ಚುತ್ತಿದ್ದಳು. ಲಿಂಗಪೂಜೆ ನಾನೂ ಮಾಡುತ್ತಿದ್ದೆ. ವಿಭೂತಿ ಹಚ್ಚಿ, ಹನಿ ನೀರು ಹಾಕಿ, ಒಲೆಯ ಮುಂದೆ ಓಡುವುದು. ಆಕೆ ಕೂತರೆ ಗೂಡಿನೊಳಗಿನ ದೀಪದ ಹಾಗೆ, ಅಲುಗುತ್ತಿರಲಿಲ್ಲ. ಎದ್ದು ಬಂದ ಮೇಲೆ ಅತ್ತೆ ಎಷ್ಟು ಬೈದರೂ "ಹೌದ್ರಿ ಅತ್ತಿ" ಅಂದು, ರೊಟ್ಟಿ ಬಡಿಯುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅದೇ ಬೈಗುಳ ನನಗೆ ಬಿದ್ದರೆ ಸಂಜೆತನಕ ಎದೆ ಕುದಿಯುತ್ತಿತ್ತು. ಗಂಡ, ಮಗು, ಕಡಗ ಎಲ್ಲ ನನ್ನ ಕಡೆ. ನಗು ಮಾತ್ರ ಆಕೆಯ ಕಡೆ. ಇದೆಲ್ಲಿಯ ನ್ಯಾಯ?

ಆಕೆ ಕೂತಾಗ ಬೇಕೆಂದೇ ಕೊಡ ಕುಕ್ಕುತ್ತಿದ್ದೆ. ಒಂದು ದಿನ ಮಗಳನ್ನು ಆ ಕೋಣೆಗೆ ಬಿಟ್ಟೆ. ನನ್ನ ಹತ್ತಿರ ಸದಾ ಅಳುವ ಕೂಸು ಅಂಬೆಗಾಲಿಟ್ಟು ಹೋಗಿ, ಆಕೆಯ ತೊಡೆಯೇರಿ ನಿದ್ದೆ ಹೋಯಿತು. ನಾನು ಕಿತ್ತುಕೊಂಡೆ. ಕೂಸು ಕಿರುಚಿತು.

"ಏನಾತು ಬೇ ತಂಗಿ?" ಎಂದು ಆಕೆ ಕಣ್ಣು ತೆರೆದಳು.

"ನಿನಗ ಸಿಟ್ಟು ಬರಂಗಿಲ್ಲೇನು? ನಾ ಬಂದು ನಿನ್ನ ಸಂಸಾರ ಕಸಗೊಂಡೀನಿ. ಒಂದಿನರ ಬೈಯಬಾರದಾ ನನಗ?"

ಆಕೆ ಲಿಂಗವನ್ನು ಕರಡಿಗೆಯಲ್ಲಿಟ್ಟು ನಿಧಾನವಾಗಿ ಹೇಳಿದಳು. "ನೀ ಬಂದ ವರ್ಷ ಬಾವಿ ಕಂಡ್ರ ಬೀಳಬೇಕನಸ್ತಿತ್ತು. ತವರಿಗೆ ಹೋದಾಗ ನಮ್ಮಾಯಿ, ನಮ್ಮವ್ವನ ಅವ್ವ, ಹಿಡದು ಕೂಡಿಸಿದಳು. ಉರಿ ಬಂದ್ರ ಬರಲಿ, ಉಸಿರು ಒಳಗ ಬರೋದು ಹೊರಗ ಹೋಗೋದು ನೋಡ್ಕೋತ ಕೂಡು ಅಂದಳು. ನಾ ಮಾಡೋದು ಅಷ್ಟೇ. ನಾಳಿಂದ ನೀನೂ ಬಾ."

ಹೋಗಿ ಕೂತೆ. ನನ್ನ ಉಸಿರು ನೋಡುವುದು ಬಿಟ್ಟು, ಅರೆಗಣ್ಣಿನಲ್ಲಿ ಆಕೆಯ ಮುಖ ನೋಡುತ್ತಿದ್ದೆ. ಆಕೆಗೆ ಸಿಕ್ಕದ್ದು ನನಗೆ ಯಾಕೆ ಸಿಗುತ್ತಿಲ್ಲ ಎಂದು ಉರಿ ಇನ್ನೂ ಹೆಚ್ಚಾಯಿತು. ಕೆಲವೇ ದಿನಕ್ಕೆ ಬಿಟ್ಟುಬಿಟ್ಟೆ.

ದೂರದೇಶದಲ್ಲಿ ಲಡಾಯಿ ನಡೆದಿದ್ದ ಕಾಲ, ದೀಪದ ಚಿಮಣಿ ಎಣ್ಣೆಗೂ ಪರದಾಟ. ಆಗಲೇ ಆಕೆ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ತವರೂರು ಇಜೇರಿಗೆ ಹೋದಳು. ಮನೆಗೆಲಸವೆಲ್ಲ ನನ್ನ ತಲೆಗೆ ಬಂತು. ಒಂದು ನಸುಕಿನಲ್ಲಿ, ಯಾರ ಕಣ್ಣಿಗೂ ಬೀಳದಿದ್ದರೆ ಸಾಕೆಂದು, ಆಕೆಯ ಮೂಲೆಯಲ್ಲಿ ಹೋಗಿ ಕೂತೆ. ಪಕ್ಕದಲ್ಲಿ ನೋಡಿ ಉರಿದುಕೊಳ್ಳಲು ಯಾರೂ ಇರಲಿಲ್ಲ. ಉಸಿರು ತಾನೇ ಬಂತು, ಹೋಯಿತು. ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು. ಅಷ್ಟರಲ್ಲಿ ಅತ್ತೆ ಹಾಲು ಉಕ್ಕಿತೆಂದು ಬೈಯುತ್ತ ಕೂಗಿದರು. ನನಗೂ ಹಾಲು ಉಕ್ಕಿತೆಂದಷ್ಟೇ ಅನಿಸಿತು. ಬೇರೇನೂ ಅನಿಸಲಿಲ್ಲ. ಮರುದಿನವೂ ಕೂತೆ, ಅದರ ಮರುದಿನವೂ.

ಆಕೆ ತಿರುಗಿ ಬಂದ ಮರುನಸುಕಿನಲ್ಲಿ ನಾನು ಆ ಕಂಬಳಿಯ ಮೇಲೇ ಇದ್ದೆ.

"ಏಳು ಬೇ. ಅದು ನನ್ನ ಜಾಗ."

ಆ ದನಿ ನಾನು ಎಂದೂ ಕೇಳಿರಲಿಲ್ಲ. ಮೂಗಿನ ಹೊಳ್ಳೆಗಳು ಅದುರುತ್ತಿದ್ದವು. "ಗಂಡನ್ನ ಕೊಟ್ಟೀನಿ, ಬಾಯಿ ತೆಗೀಲಿಲ್ಲ. ಈ ಮೂಲಿ ಮಾತ್ರ ಕೊಡಂಗಿಲ್ಲ!"

ತನ್ನ ಮಾತು ತನಗೇ ಕೇಳಿಸಿದಂತಾಗಿ ಬಾಯಿಗೆ ಸೆರಗು ಹಿಡಿದಳು. ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಂತೋಷ. ಈಕೆಗೂ ಇದೆಯಲ್ಲ! ನಾನು ನಕ್ಕೆ. ಆಕೆಗೂ ನಗು ತಡೆಯಲಾಗಲಿಲ್ಲ. ಅತ್ತೆ ಬಂದು ಇಬ್ಬರಿಗೂ ಹುಚ್ಚು ಹಿಡಿದಿದೆ ಅಂದರು.

ಆವತ್ತಿನಿಂದ ಕಂಬಳಿ ಅಗಲಿಸಿ ಹಾಸಿ ಇಬ್ಬರೂ ಕೂಡತೊಡಗಿದೆವು. ದಿನ ಹಗುರಾಗುತ್ತ ಹೋಯಿತು, ರೊಟ್ಟಿ ಬಡಿಯುವಾಗ ನನ್ನ ಬಾಯಿಗೂ ಹಾಡು ಬಂತು. ಹಾಗಂತ ಹೊಟ್ಟೆಕಿಚ್ಚು ಸತ್ತುಹೋಗಲಿಲ್ಲ. ಮಗಳು ದೊಡ್ಡವಳಾಗಿ ಒಮ್ಮೆ ಜ್ವರ ಬಂದು ಮಲಗಿದಾಗ ಕನವರಿಸಿದ್ದು "ದೊಡ್ಡವ್ವಾ" ಎಂದು. "ಅವ್ವಾ" ಎನ್ನಲಿಲ್ಲ. ಆ ಮುಂಜಾನೆ ಕೂತರೆ ಎದೆಯೊಳಗೆ ಬರೀ ಕೆಂಡ.

"ಅಕ್ಕಾ, ಇವತ್ತು ಆಗವಲ್ದು. ನಿನ್ನ ಮ್ಯಾಲ ಹೊಟ್ಟಿ ಉರೀಲಾಕತ್ತದ," ಅಂದೆ.

ಆಕೆ ಕಣ್ಣು ತೆರೆಯಲಿಲ್ಲ. "ಗೊತ್ತಾತು ಬೇ, ನಿನ್ನ ಉಸಿರು ಇಲ್ಲಿತನ ಕೇಳಸ್ತದ. ಉರೀಲಿ ಬಿಡು. ಕೂಡು."

ಕೂತೆ. ಉರಿ ಪೂರ್ತಿ ಆರಲಿಲ್ಲ, ಆದರೂ ಎದ್ದು ಹೋಗಲಿಲ್ಲ. ಒಳಗಿನಿಂದ ಮಗಳು ನೀರು ಕೇಳಿದಳು. ಇಬ್ಬರೂ ಒಟ್ಟಿಗೇ ಎದ್ದೆವು. ಆಕೆ ತಂಬಿಗೆ ತಂದಳು, ನಾನು ಮಗಳ ತಲೆ ಎತ್ತಿ ಹಿಡಿದೆ.